ಕಪಾಟಿನ ದಾದಾಸಾಹೇಬ

ಹಾಲಸಿದ್ದ ಕಾಲೇಜಿನ ಕೆಲಸಕ್ಕೆ ಸೇರಿದ ದಿನ ಅವನ ಕೈಗೆ ಮೂರು ವಸ್ತುಗಳನ್ನು ಒಪ್ಪಿಸಿದರು: ಒಂದು ಕೀಲಿಗೊಂಚಲು, ಒಂದು ಒರೆಸುವ ಬಟ್ಟೆ ಮತ್ತು ಒಬ್ಬ ಸತ್ತ ಮನುಷ್ಯ.

ಅದು ೧೯೮೦ರ ಜೂನ್. ಚಿಕ್ಕೋಡಿಯ ಆ ಕಾಲೇಜಿನ ಜೀವಶಾಸ್ತ್ರದ ಪ್ರಯೋಗಶಾಲೆ ಹಿಂದೊಮ್ಮೆ ಶೇಂಗಾ ಗೋದಾಮಾಗಿತ್ತು. ಮೊದಲ ಮಳೆ ಬಿದ್ದಾಗ ಹಂಚಿನ ಸಂದಿಯಿಂದ ಹಳೆಯ ಶೇಂಗಾದ ವಾಸನೆ ಇಳಿದು ಫಾರ್ಮಾಲಿನ್ ವಾಸನೆಯೊಡನೆ ಜಗಳಕ್ಕೆ ನಿಂತು, ಪ್ರತಿ ವರ್ಷವೂ ಸೋಲುತ್ತಿತ್ತು. ಎರಡು ಕಪ್ಪು ಟೇಬಲ್ಲು, ಒಂದು ನಲ್ಲಿ, ಕಾಲು ಕುಂಟುವ ಹದಿನಾರು ಸ್ಟೂಲು. ಮೂಲೆಯಲ್ಲಿ ಗಾಜಿನ ಬಾಗಿಲಿನ ಕಪಾಟು. ಅದರೊಳಗೆ ನೆತ್ತಿಯ ಕೊಂಡಿಯಿಂದ ನೇತುಬಿದ್ದ ಅಸ್ಥಿಪಂಜರ. ಎದೆ ಮುಂದೆ ಮಾಡಿಕೊಂಡು, ಹಾರ ಹಾಕುವವರನ್ನು ಕಾಯುತ್ತಿರುವ ಸಕ್ಕರೆ ಕಾರ್ಖಾನೆಯ ಡೈರೆಕ್ಟರನಂತೆ ನಿಂತಿದ್ದರಿಂದ ಹುಡುಗರು ಅದಕ್ಕೆ ದಾದಾಸಾಹೇಬ ಎಂದು ಹೆಸರಿಟ್ಟಿದ್ದರು.

"ಇದು ಖರೇ ಮನಶಾನ ಎಲುವು ಏನ್ರಿ ಸರ?" ಎಂದು ಹಾಲಸಿದ್ದ ಮೊದಲ ದಿನವೇ ಲೆಕ್ಚರರ್ ಭೀಮಗೊಂಡ ಪಾಟೀಲರನ್ನು ಕೇಳಿದ್ದ.

"ಮತ್ತ? ಬೆಲ್ಲದ್ದು ಅಂದ್ಕೊಂಡಿದ್ದಿ?" ಎಂದರು ಪಾಟೀಲರು. ಕಪಾಟಿಗೆ ಅಂಟಿಸಿದ್ದ ಟೈಪು ಹೊಡೆದ ಚೀಟಿಯನ್ನು ಬೆರಳಿಟ್ಟು ಓದಿ ಹೇಳಿದರು: ಮಾನವ ಅಸ್ಥಿಪಂಜರ, ಗಂಡು, ಒಂದು. ಅದೇ ಮಾತು ಡೆಡ್ ಸ್ಟಾಕ್ ರಜಿಸ್ಟರಿನಲ್ಲೂ ಇತ್ತು. ಕೆಳಗೆ ಹಾಲಸಿದ್ದನ ಸಹಿ ಹಾಕಿಸಿಕೊಂಡರು.

ಅವತ್ತು ಅವನಿಗೆ ಊಟ ಸೇರಲಿಲ್ಲ, ಮರುದಿನವೂ ಇಲ್ಲ. ಸದಲಗಾದ ಹತ್ತಿರದ ಹಳ್ಳಿಯಲ್ಲಿ ಕುರಿ ಕಾಯುವ ಮನೆತನ ಅವನದು. ಏಳನೆಯ ಇಯತ್ತೆ ಪಾಸಾದ ತಪ್ಪಿಗೆ ಕುರಿಗಳು ಅಣ್ಣನ ಪಾಲಿಗೆ ಹೋಗಿ, ಇವನ ಪಾಲಿಗೆ ಕಾಲೇಜು ಬಂದಿತ್ತು. ಹೆಂಡತಿ ಮಲಕವ್ವ ಊರಿನ ಸೂಲಗಿತ್ತಿ. ಹೆಣದ ಜೊತೆ ದಿನ ಕಳೆದು ಬಂದ ಗಂಡನನ್ನು ಅವಳು ಹೊಸ್ತಿಲು ದಾಟಿಸುವುದಿಲ್ಲ ಎಂಬುದು ಹಾಲಸಿದ್ದನಿಗೆ ಗೊತ್ತಿತ್ತು. ಅದಕ್ಕೆ, "ಕಾಲೇಜಿನಾಗ ಒಂದ ಗೊಂಬಿ ಐತಿ. ಪ್ಲಾಸ್ಟರದ್ದು. ಅಂಬಾಲಾದಿಂದ ತರಿಸ್ಯಾರ," ಎಂದುಬಿಟ್ಟ. ಒಂದು ಸಲ ಹೇಳಿದ ಸುಳ್ಳು ಒಳ್ಳೆಯ ಪತ್ರಾಸಿನ ತಗಡಿನ ಸೂರಿನಂತೆ ಹದಿಮೂರು ವರ್ಷ ಸೋರದೆ ನಿಂತಿತು.

ಈ ಹದಿಮೂರು ವರ್ಷದಲ್ಲಿ ಅವನಿಗೆ ಹದಿಮೂರು ನೇಮಕದ ಹುಕುಂ ಬಂದವು. ಪ್ರತಿಯೊಂದೂ ಹನ್ನೊಂದು ತಿಂಗಳಿನದು. ಜೂನ್‌ನಿಂದ ಏಪ್ರಿಲ್ ತನಕ ಕಾಗದದ ಮೇಲೆ ಅವನು ಇದ್ದ, ಮೇ ತಿಂಗಳಲ್ಲಿ ಇರಲಿಲ್ಲ. ಇರದಿದ್ದರೂ ಬಂದು ಕಸ ಹೊಡೆಯುತ್ತಿದ್ದ, ಗಾಜಿನ ಬಾಟಲಿ ತೊಳೆಯುತ್ತಿದ್ದ, ದಾದಾಸಾಹೇಬನ ಪಕ್ಕೆಲುಬಿನ ಧೂಳು ಒರೆಸುತ್ತಿದ್ದ. ಮೇ ತಿಂಗಳ ಪಗಾರ ಕೇಳಿದರೆ, "ಕಾಗದದಾಗ ಇಲ್ಲ ಅಂದ್ರ ನೀ ಇಲ್ಲ, ಹಾಲಸಿದ್ದ," ಎನ್ನುತ್ತಿದ್ದರು ಪಾಟೀಲರು. ಅವರು ಆಮೇಲೆ ಪ್ರಿನ್ಸಿಪಾಲರಾದರು. ಮಾತು ಮಾತ್ರ ಅದೇ ಉಳಿಯಿತು.

ಬೆಳಿಗ್ಗೆ ಒಂಬತ್ತಕ್ಕೆ ಬಾಗಿಲು ತೆಗೆದು, ಹುಡುಗರು ಬರುವ ತನಕ ಹಾಲಸಿದ್ದ ದಾದಾಸಾಹೇಬನ ಮುಂದೆ ಮನಸ್ಸು ಬಿಚ್ಚುತ್ತಿದ್ದ. ಗಂಡಸು ಗಂಡಸಿನ ಮುಂದೆ ಹೇಳುವ ಮಾತುಗಳೇ ಎಲ್ಲ. "ಏನ ಹೇಳ್ಲೋ ಮಾರಾಯಾ, ನಮ್ಮಾಕಿ ಬಾಯಿ ಅಂದ್ರ ಎಳಿ ಸವತಿಕಾಯಿ ಹೆಚ್ಚಿದಂಗ ಹೆಚ್ಚತೈತಿ. ನಿನ್ನಿ ಪಲ್ಯಾದಾಗ ಉಪ್ಪಿಲ್ಲ ಅಂದೆ, ತಾಟ ಎತ್ತಿ ಒಳಗೇ ಒಯ್ದಳು. ನಿನಗೇನಪಾ, ಆರಾಮ ನಿಂತಿ." ಚಹದಂಗಡಿಯಲ್ಲಿ ಹೇಳಿದ ಮಾತು ಸಂಜೆಯೊಳಗೆ ನಿಪ್ಪಾಣಿ ಮುಟ್ಟುತ್ತದೆ. ಕಪಾಟಿನ ಮುಂದೆ ಹೇಳಿದ್ದು ಕಪಾಟಿನಲ್ಲೇ ಉಳಿಯುತ್ತದೆ. ಇಂಥ ಗೆಳೆಯ ಯಾರಿಗಿದ್ದಾನೆ?

೧೯೯೧ರಲ್ಲಿ ಕುಸುಮ ಬಾಯಿ ಲೆಕ್ಚರರ್ ಆಗಿ ಬಂದರು. ನಿಪ್ಪಾಣಿಯ ಜೈನರ ಮನೆಯ ಹುಡುಗಿ; ಇದೇ ಕಾಲೇಜಿನಲ್ಲಿ ಕಲಿತವಳು. ಹಾಲಸಿದ್ದ ಕೆಲಸಕ್ಕೆ ಸೇರಿದ ವರ್ಷದ ವಿದ್ಯಾರ್ಥಿಗಳಲ್ಲಿ ಒಬ್ಬಳು. ಈಗ ಇವನು "ಬಾಯಾರ" ಎನ್ನಬೇಕು; ಅವರು ಮಾತ್ರ ಹಳೆಯ ರೂಢಿಯಂತೆ "ಸಿದ್ದುಮಾಮಾ" ಎಂದೇ ಕರೆಯುತ್ತಿದ್ದರು.

ಬಂದ ವಾರದಲ್ಲೇ ಅವರಿಗೆ ಕಂಡದ್ದು ಇಷ್ಟು: ಹುಡುಗರು ಮುಂದೆ ಕಪ್ಪೆಯನ್ನು ಸೀಳಿ ಇಟ್ಟುಕೊಂಡು, ಪುಸ್ತಕದಲ್ಲಿನ ಕಪ್ಪೆಯ ಚಿತ್ರ ನಕಲು ಮಾಡುತ್ತಿದ್ದಾರೆ. ನಿಪ್ಪಾಣಿಯ ಪೇಟೆಯಲ್ಲಿ ತಂಬಾಕು ಕೊಳ್ಳುವವನು ಎಲೆ ಮುಷ್ಟಿಯಲ್ಲಿ ಹಿಚುಕಿ, ಮೂಸಿ, ಬೆಳಕಿಗೆ ಹಿಡಿದು ನೋಡಿದ ಮೇಲಷ್ಟೇ ಮಾತಾಡುತ್ತಾನೆ. ಕಾಲೇಜು ಮಾತ್ರ ಚೀಟಿ ಓದಿ ಮಾಲು ಒಪ್ಪಿಕೊಳ್ಳುತ್ತಿತ್ತು. ಬಾಯಿಯವರು ಗೋಡೆಗೆ ಒಂದು ಹಲಗೆ ಹಾಕಿಸಿದರು: "ಮೊದಲು ನೋಡಿ. ಆಮೇಲೆ ಪುಸ್ತಕ ತೆರೆಯಿರಿ."

ಹಲಗೆಯಿಂದ ಏನಾಗುತ್ತದೆ? ಪ್ರಯೋಗಶಾಲೆಯನ್ನೇ ಬದಲಾಯಿಸಬೇಕು, ವಿದ್ಯಾರ್ಥಿಗಳು ತಾವೇ ಪ್ರಶ್ನೆ ಹಿಡಿದು ಸಂಶೋಧನೆ ಮಾಡಲು ಕಲಿಯಬೇಕು ಎಂದು ಎರಡು ವರ್ಷ ಪತ್ರ ಬರೆದರು. ಕೊನೆಗೆ ನಿಪ್ಪಾಣಿಯ ವ್ಯಾಪಾರಸ್ಥರು ಕಡಪಾ ಕಲ್ಲು, ಸಾಗವಾನಿ, ಮೈಕ್ರೋಸ್ಕೋಪು ಎಲ್ಲ ಕೊಡಲು ಒಪ್ಪಿದರು. ಅಹಿಂಸೆ ಪಾಲಿಸುವ ಜನ; ಕರಾರು ಒಂದೇ: "ನಮ್ಮ ಕಲ್ಲಿನ ಮ್ಯಾಲ ಕಪ್ಪಿ ಕೊಯ್ಯಬಾರ್ದು." ಕುಸುಮ ಬಾಯಿ ಸಂತೋಷದಿಂದ ಒಪ್ಪಿದರು. ಇನ್ನು ಎಲೆ, ಬೀಜ, ಬಸವನಹುಳು ಮತ್ತು ಎಲುಬು. ವಿಶ್ವವಿದ್ಯಾಲಯದ ಸಮಿತಿ ಬಂದು ನೋಡಿ ಒಪ್ಪಿದರೆ ಸಂಶೋಧನೆಯ ತರಬೇತಿಗೆ ಮನ್ನಣೆ. ಅಲ್ಲಿಗೆ ಕಪಾಟಿನ ದಾದಾಸಾಹೇಬನೇ ಹೊಸ ಪ್ರಯೋಗಶಾಲೆಯ ಯಜಮಾನನಾದ.

೧೯೯೩ರ ಜನವರಿಯಲ್ಲಿ ಗೋಡೆ ಒಡೆದು ಕಟ್ಟುವ ಕೆಲಸ ಶುರುವಾಯಿತು. ಮೊದಲ ದಿನವೇ ಗಾರೆ ಕೆಲಸದ ಗವಂಡಿ ಸತ್ಯಪ್ಪ ಕರಣಿ ಕೆಳಗಿಟ್ಟ.

"ಆ ಕಪಾಟಿನಾಗಿನಾಂವ ನನ್ನ ಕೆಲಸಾ ನೋಡಕೋಂತ ನಿಂತಾನ್ರಿ. ಕೈ ನಡಗತೈತಿ. ಗ್ವಾಡಿ ಸೊಟ್ಟ ಆದ್ರ ನನಗ ಅನಬ್ಯಾಡ್ರಿ."

ಪ್ರಿನ್ಸಿಪಾಲ ಪಾಟೀಲರು ಹಾಲಸಿದ್ದನನ್ನು ಕರೆದರು. "ಇದನ್ನ ಮನಿಗೆ ಒಯ್ದ ಇಟ್ಕೋ. ಕಮಿಟಿ ಬರೂ ಮುಂದ ತಂದ ನಿಲ್ಲಸ. ರಜಿಸ್ಟರದಾಗ ನಿನ್ನ ಸಹಿ ಐತಿ, ಮರೀಬ್ಯಾಡ. ಎಲ್ಲಾ ಸರಿ ಇದ್ರ ಈ ಜೂನಕ್ಕ ನಿನ್ನ ಕಾಯಂ ಹುಕುಂ. ಒಂದ ಬಟ್ಟಿನ ಎಲುವು ಕಮ್ಮಿ ಆತಂದ್ರ ಹನ್ನೊಂದ ತಿಂಗಳದ್ದೂ ಇಲ್ಲ."

ಹದಿಮೂರು ವರ್ಷ ಕಾದದ್ದು ಒಂದು ಕಂಬಳಿಯ ಗಂಟಿಗೆ ಬಂದು ನಿಂತಿತು.

ಸದಲಗಾ ಬಸ್ಸಿನಲ್ಲಿ ಹಾಲಸಿದ್ದ ದಾದಾಸಾಹೇಬನನ್ನು ಸುತ್ತಿದ ಗಂಟನ್ನು ಪಕ್ಕದ ಸೀಟಿನಲ್ಲಿ ಕೂರಿಸಿಕೊಂಡ. ಪ್ರತಿ ತಿರುವಿಗೂ ಅದು ಆಚೆ ಕೂತಿದ್ದ ಮುದುಕಿಯ ಹೆಗಲಿಗೆ ಒರಗುತ್ತಿತ್ತು.

"ಯಪ್ಪಾ, ನಿಮ್ಮ ಪಾವಣ್ಯಾರಿಗೆ ಸರದ ಕುಂದ್ರಾಕ ಹೇಳೋ. ಎಷ್ಟ ತ್ರಾಸ ಕೊಡತಾರು!"

"ಆರಾಮಿಲ್ಲ ಬೇ ಯವ್ವಾ, ಜೀವಾ ಇಲ್ಲ ಮೈಯಾಗ."

"ಹೌದೌದ, ಬರೇ ಎಲುವ ಆಗ್ಯಾರು ಪಾಪ," ಎಂದಳು ಮುದುಕಿ, ಕಂಬಳಿಯ ಮೇಲೆ ಕೈಯಾಡಿಸಿ.

ಮನೆಯಲ್ಲಿ ಗಂಟನ್ನು ಅಟ್ಟಕ್ಕೇರಿಸಿ ಹೆಂಡತಿಗೆ ತಾಕೀತು ಮಾಡಿದ: "ಪ್ಲಾಸ್ಟರ್ ಐತಿ. ಮುಟ್ಟಿದ್ರ ಒಡೀತೈತಿ. ಒಡದ್ರ ನನ್ನ ನೌಕರಿ ಹೋತು." ಮಲಕವ್ವ ಹೂಂ ಎಂದಳು. ಅವಳು ಹೂಂ ಎಂದರೆ ಕೇಳಿಸಿತು ಎಂದಷ್ಟೇ ಅರ್ಥ. ಇಷ್ಟು ವರ್ಷದ ಸಂಸಾರದಲ್ಲಿ ಹಾಲಸಿದ್ದ ಇದನ್ನೂ ಕಲಿತಿರಲಿಲ್ಲ.

ಸಮಿತಿ ಫೆಬ್ರುವರಿಯ ಒಂದು ಬುಧವಾರಕ್ಕೆ ಗೊತ್ತಾಯಿತು. ಕಾಯಂ ಹುಕುಮಿಗಾಗಿ ಮಂಗಸೂಳಿಯ ಮಲ್ಲಯ್ಯನಿಗೆ ಹರಕೆ ಹೊತ್ತಿದ್ದ ಹಾಲಸಿದ್ದ ಶನಿವಾರ ಹೊರಟು ಸೋಮವಾರ ಮಧ್ಯಾಹ್ನ ಹಣೆತುಂಬ ಅರಿಸಿಣದ ಭಂಡಾರ ಬಳಿದುಕೊಂಡು ತಿರುಗಿ ಬಂದ. ಅಂಗಳಕ್ಕೆ ಕಾಲಿಟ್ಟವನು ನಿಂತುಬಿಟ್ಟ. ಓಣಿಯ ಹೆಂಗಸರೆಲ್ಲ ಸಾಲಾಗಿ ಊಟಕ್ಕೆ ಕುಳಿತಿದ್ದಾರೆ. ಯಾರ ಮುಖದಲ್ಲೂ ನಗು ಇಲ್ಲ. ಮನೆಯೊಳಗಿಂದ ಲೋಬಾನದ ಹೊಗೆ ಬರುತ್ತಿದೆ.

"ಯಾರ... ಯಾರ ತೀರಿದ್ರು?"

ಪಕ್ಕದ ಮನೆಯ ರಾಮವ್ವ ತಲೆಯ ಮೇಲಿನ ಸೆರಗು ಸರಿಪಡಿಸಿಕೊಂಡಳು. "ನಿಮ್ಮ ಮನಿಯಾನ ಹೆಣ್ಮಗಳಪಾ."

ಹಾಲಸಿದ್ದ ಸಾಲಿನ ಮುಖಗಳನ್ನೆಲ್ಲ ಹುಡುಕಿದ. ಮಲಕವ್ವ ಎದುರಿಗೇ ಸಾರಿನ ಪಾತ್ರೆ ಹಿಡಿದು ನಿಂತಿದ್ದಾಳೆ. ಹಾಗಾದರೆ ಕಾಗವಾಡಕ್ಕೆ ಕೊಟ್ಟ ಮಗಳೇ? "ಯಾವಾಕಿ ಬೇ? ಬಾಯಿ ಬಿಟ್ಟ ಹೇಳ!"

"ಅಟ್ಟದ ಮ್ಯಾಲಿನಾಕಿ," ಎಂದಳು ಮಲಕವ್ವ.

ಅವನು ಅಲ್ಲೇ ಕುಕ್ಕರಿಸಿದ. ಶೇಂಗಾದ ಚೀಲಕ್ಕೆ ಇಲಿ ಬಿದ್ದಿತ್ತು, ಅಟ್ಟ ಹತ್ತಿದೆ, ಗಂಟು ಬಿಚ್ಚಿದೆ, ಮಣ್ಣು ಮಾಡಿದೆ ಎಂದು ಅವಳು ನಾಲ್ಕೇ ಮಾತಿನಲ್ಲಿ ಮುಗಿಸಿದಳು.

"ಮಣ್ಣ... ಅದು ಪ್ಲಾಸ್ಟರ್ ಬೇ!" ರೂಢಿಯ ಬಲದಿಂದ ಸುಳ್ಳು ತಾನಾಗಿಯೇ ಬಾಯಿಗೆ ಬಂತು.

"ಪ್ಲಾಸ್ಟರಕ್ಕ ಹಲ್ಲ ಸವೀತಾವೇನ್ರಿ? ಪ್ಲಾಸ್ಟರದ ಕೈ ಮುರದ ಮತ್ತ ಕೂಡತೈತೇನು? ಎಡಗೈ ಮಣಿಕಟ್ಟ ಹಿಡದ ನೋಡೀನಿ, ಗಂಟ ಐತಿ. ಕುರಿ ಮಂದ್ಯಾಗ ಹುಟ್ಟೀನಿ ನಾ. ಎಲುವ ಯಾವುದು, ಸುಣ್ಣಾ ಯಾವುದು ತಿಳೀದೇನು?"

"ಅದು ಗಂಡಸ ಐತಿ! ಹೆಣ್ಮಗಳ ಅಂತ ಯಾಕಂತಿ? ಚೀಟಿ ಐತಿ ಕಪಾಟಕ್ಕ!"

"ಚೀಟಿ ಬರದಾಂವ ಎಷ್ಟ ಬಾಣಂತನಾ ಮಾಡ್ಯಾನಂತ?" ಮಲಕವ್ವ ಪಾತ್ರೆಯನ್ನು ಕೆಳಗಿಟ್ಟು ಮುಷ್ಟಿ ತೋರಿಸಿದಳು. "ಟೊಂಕದ ಎಲುವಿನಾಗ ಈ ಕೈ ಹಾಕಿ ನೋಡೀನಿ. ಹಾದು ಹೋತು. ಗಂಡಸಿನ ಟೊಂಕ ಹಿಂಗ ಇರಂಗಿಲ್ಲ. ಹಡದ ಹೆಣ್ಮಗಳು ಆಕಿ. ಯಾರ ಮನಿ ಮಗಳೋ ಏನೋ, ನೆತ್ತಿಗೆ ಕೊಂಡಿ ಹಾಕಿ ನೇತ ಹಾಕಿದ್ರಿ. ನಮ್ಮ ಮನಿಗೆ ಬಂದಾಳ, ಉಡಿ ತುಂಬದ ಹೆಂಗ ಕಳಸಲಿ? ಹಸರ ಕುಬಸಾ, ಅಕ್ಕಿ, ಕೊಬ್ಬರಿ, ಐದ ಬಳಿ ಇಟ್ಟ ಮಣ್ಣ ಕೊಟ್ಟೀವಿ. ಗಂಡಸರು ಯಾರೂ ಬರಲಿಲ್ಲ. ನಾವ ನಾಲ್ಕ ಮಂದಿ ತೆಗ್ಗ ತಗದೀವಿ."

ಹೋದ ನೌಕರಿಯ ಆಘಾತ ಹಾಲಸಿದ್ದನಿಗೆ ಎರಡನೆಯದಾಗಿ ತಟ್ಟಿತು. ಮೊದಲು ತಟ್ಟಿದ್ದು ಬೇರೆ. ಹದಿಮೂರು ವರ್ಷ! ಬೆಳಿಗ್ಗೆ ಬೆಳಿಗ್ಗೆ ಹೆಂಡತಿಯ ಮೇಲಿನ ಚಾಡಿಯನ್ನೆಲ್ಲ ಒಬ್ಬ ಹೆಂಗಸಿನ ಮುಂದೆ ಹೇಳಿದ್ದೇನೆ. ಅವನ ಕಿವಿ ಕೆಂಪಾದವು.

ಗುದ್ದಲಿ ಹಿಡಿದು ಹೊಲದ ಮೂಲೆಗೆ ಹೋದ. ಬೇವಿನ ಮರದ ಕೆಳಗೆ ಹೊಸ ಮಣ್ಣು. ಮೇಲೊಂದು ಕಲ್ಲು, ಕಲ್ಲಿಗೆ ಅರಿಸಿಣ ಕುಂಕುಮ. ರಾಮವ್ವನ ಸೊಸೆ ಆಗಲೇ ಅಲ್ಲಿ ನಿಂತು ಏನನ್ನೋ ಬೇಡಿಕೊಳ್ಳುತ್ತಿದ್ದಳು. ಒಂದೇ ದಿನದಲ್ಲಿ ಗಿರಾಕಿ ಕುದುರಿಸಿದ ಇಂಥ ಅಂಗಡಿಯನ್ನು ಇಡೀ ಚಿಕ್ಕೋಡಿ ತಾಲೂಕಿನಲ್ಲಿ ಯಾರೂ ಕಂಡಿಲ್ಲ. ಹಾಲಸಿದ್ದ ಗುದ್ದಲಿ ಎತ್ತಿದ. ಉಡಿ ತುಂಬಿಸಿಕೊಂಡು ಮಲಗಿದವಳು. ಕೈ ಮೇಲೇರಿತು, ಕೆಳಗೆ ಬರಲೊಲ್ಲದು. ಗುದ್ದಲಿಯನ್ನು ಹೆಗಲಿಗೆ ಹಾಕಿಕೊಂಡು ತಿರುಗಿ ಬಂದ.

ಮಂಗಳವಾರ ಪ್ರಯೋಗಶಾಲೆಯ ಬಾಗಿಲಲ್ಲಿ ನಿಂತಾಗ ಅವನಿಗೆ ಅಳು ಬಂತು. ಕನ್ನಡಿಯಂತೆ ಹೊಳೆಯುವ ಕಡಪಾ ಕಲ್ಲಿನ ಕಟ್ಟೆಗಳು, ಸಾಲಿಗೆ ಎಂಟು ನಲ್ಲಿ, ದೊಡ್ಡ ಕಿಟಕಿ. ಹಿಂದುಗಡೆ ವಿದ್ಯಾರ್ಥಿಗಳು ತಮ್ಮ ಸಂಶೋಧನೆಯ ಸಾಮಾನು ಇಟ್ಟುಕೊಳ್ಳಲು ಪ್ರತ್ಯೇಕ ಕೋಣೆ. ಶೇಂಗಾದ ವಾಸನೆ ಕೊನೆಗೂ ಊರು ಬಿಟ್ಟಿತ್ತು. ನಡುವೆ ಪಾಲಿಶ್ ಹೊಡೆದ ಹಳೆಯ ಕಪಾಟು, ಖಾಲಿ.

ಕುಸುಮ ಬಾಯಿಗೆ ಎಲ್ಲ ಹೇಳಿದ. ಮಣ್ಣು ಮಾಡಿದ ಮಾತಿಗೆ ಅವರು ಬಾಯಿಗೆ ಕೈ ಅಡ್ಡ ಹಿಡಿದರು. ಹೆಣ್ಮಗಳು ಎಂದ ಮಾತಿಗೆ ಸ್ಟೂಲಿನ ಮೇಲೆ ಕುಳಿತೇಬಿಟ್ಟರು.

"ಮುಷ್ಟಿ ಹಾದು ಹೋತಂತ? ಮಲಕವ್ವ ಖುದ್ದ ನೋಡ್ಯಾಳ?"

"ಹೌದ್ರಿ ಬಾಯಾರ."

ಅವರು ನಿಪ್ಪಾಣಿಯ ಮನೆಗೆ ಹೋಗಿ, ಸಂಜೆ ಒಂದು ಹಳೆಯ ಜರ್ನಲ್ ಹಿಡಿದು ನೇರವಾಗಿ ಹಾಲಸಿದ್ದನ ಅಂಗಳಕ್ಕೇ ಬಂದರು. ೧೯೮೦ರ ತಮ್ಮ ಪ್ರಾಕ್ಟಿಕಲ್ ಪುಸ್ತಕ. ಒಂದು ಪುಟದಲ್ಲಿ ಪೆನ್ಸಿಲಿನಿಂದ ಬಿಡಿಸಿದ ಟೊಂಕದ ಎಲುಬು. ಅದರ ಮೇಲೆ ಕೆಂಪು ಶಾಯಿಯ ಗೀಟು, ಕೆಳಗೊಂದು ಸಹಿ: "ತಪ್ಪು. ಗಂಡಸಿನದು ಇಷ್ಟು ಅಗಲ ಇರುವುದಿಲ್ಲ. ಪುಸ್ತಕ ನೋಡಿ ತೆಗೆ." ಮುಂದಿನ ಪುಟದಲ್ಲಿ ಪುಸ್ತಕ ನೋಡಿ ತೆಗೆದ ಚಿತ್ರ, ಹತ್ತಕ್ಕೆ ಹತ್ತು ಅಂಕ.

ಮಲಕವ್ವ ಎರಡೂ ಚಿತ್ರ ನೋಡಿದಳು. ಮೊದಲನೆಯದರ ಮೇಲೆ ಬೆರಳಿಟ್ಟಳು. "ಇದ ಆಕೀದು. ಇನ್ನೊಂದು ಯಾರದೋ."

"ನಾ ಕಣ್ಣಾರೆ ನೋಡಿದ್ದೆ, ಸಿದ್ದುಮಾಮಾ," ಎಂದರು ಕುಸುಮ ಬಾಯಿ. "ಹದಿನೇಳ ವರ್ಷದಾಕಿ, ಇದ್ದದ್ದ ಇದ್ದಂಗ ತಗದಿದ್ದೆ. ಕೆಂಪ ಗೀಟ ಬಿತ್ತಂತ ಅದನ್ನ ಬಿಟ್ಟ ಪುಸ್ತಕದ್ದ ತಗದೆ. ಆಮ್ಯಾಲ ಎಮ್ಮೆಸ್ಸಿ ಮಾಡಿ, ಇಲ್ಲೇ ಬಂದು, ಎರಡ ವರ್ಷ ದಿನಾ ಆ ಕಪಾಟಿನ ಮುಂದ ಅಡ್ಡಾಡೀನಿ. ಮತ್ತ ಒಮ್ಮೆನೂ ಕಣ್ಣೆತ್ತಿ ನೋಡಲಿಲ್ಲ." ಜರ್ನಲ್ ಮುಚ್ಚಿ, "ಆದ್ರ ಮಲಕವ್ವ, ಹಡದಾಳ ಅಂತ ಎಲುವ ನೋಡಿ ಹೇಳಾಕ ಬರಂಗಿಲ್ಲ," ಎಂದರು.

"ನಿಮಗ ಬರಂಗಿಲ್ಲ," ಎಂದಳು ಮಲಕವ್ವ.

ಬುಧವಾರ ಸಮಿತಿಯವರು ಬಂದರು, ಮೂವರು. ಹಿರಿಯರಾದವರು ದಪ್ಪ ಕನ್ನಡಕದ ಮುದುಕರು. ನಲ್ಲಿ ತಿರುಗಿಸಿದರು, ಮೈಕ್ರೋಸ್ಕೋಪಿನಲ್ಲಿ ಇಣುಕಿದರು, ಕಡಪಾ ಕಲ್ಲು ಸವರಿ ತಲೆದೂಗಿದರು. ಪ್ರಿನ್ಸಿಪಾಲರು ರಜಿಸ್ಟರ್ ಹಿಡಿದು ಹಿಂದೆ ಹಿಂದೆ. ಕಪಾಟಿನ ಮುಂದೆ ಬಂದದ್ದೇ ಅವರ ಮುಖದ ಬಣ್ಣ ಇಳಿಯಿತು.

"ಹಾಲಸಿದ್ದ! ಎಲ್ಲೈತಿ?"

ಹಾಲಸಿದ್ದ ಟೊಪ್ಪಿಗೆ ತೆಗೆದು ಕೈಯಲ್ಲಿ ಹಿಡಿದುಕೊಂಡ. "ರಜಿಸ್ಟರದಾಗ ಏನ ಬರದೈತಿ, ಒಮ್ಮಿ ಓದ್ರಿ ಸರ."

"ಮಾನವ ಅಸ್ಥಿಪಂಜರ, ಗಂಡು, ಒಂದು."

"ಅಂಥಾದ್ದನ್ನ ನನ್ನ ಕೈಯಾಗ ಯಾವತ್ತೂ ಒಪ್ಪಿಸಿಲ್ರಿ."

"ಏನಂದಿ?"

"ಕಪಾಟಿನಾಗ ಇದ್ದಾಕಿ ಹೆಣ್ಮಗಳ್ರಿ. ಗಂಡಸ ಇದ್ದಾ ಅನ್ನೂದ ತೋರಸ್ರಿ, ನಾ ಇವತ್ತ ನೌಕರಿ ಬಿಡ್ತೀನಿ. ಹೆಣ್ಮಗಳನ್ನ ಕೇಳಿದ್ರ, ಆಕಿ ನಿಮ್ಮ ರಜಿಸ್ಟರದಾಗ ಇಲ್ಲ." ಅವನು ಟೊಪ್ಪಿಗೆಯನ್ನು ಮತ್ತೆ ತಲೆಗೆ ಹಾಕಿಕೊಂಡ. "ಹನ್ನೆರಡ ಮೇ ತಿಂಗಳಾ ನಾ ಇಲ್ಲೇ ಕಸಾ ಹೊಡದೀನ್ರಿ. ಕಾಗದದಾಗ ಇಲ್ಲ ಅಂದ್ರ ನೀ ಇಲ್ಲ ಅಂತ ನೀವ ಹೇಳೀರಿ. ಆಕೀನೂ ಕಾಗದದಾಗ ಇಲ್ಲ. ಮತ್ತ ನಾ ಯಾರನ್ನ ಕಳದೀನ್ರಿ?"

ಕುಸುಮ ಬಾಯಿ ಮುಂದೆ ಬಂದು, ಆದದ್ದನ್ನು ಒಂದೂ ಮುಚ್ಚದೆ ಹೇಳಿ, ಜರ್ನಲನ್ನು ಕಲ್ಲಿನ ಮೇಲೆ ಬಿಚ್ಚಿಟ್ಟರು. ಹಿರಿಯರು ಕನ್ನಡಕ ತೆಗೆದು, ಒರೆಸಿ, ಮತ್ತೆ ಹಾಕಿಕೊಂಡು ಆ ಚಿತ್ರವನ್ನು ಬಹಳ ಹೊತ್ತು ನೋಡಿದರು. ಹೆಬ್ಬೆರಳು ತೋರುಬೆರಳು ಅಗಲಿಸಿ ಎಲುಬಿನ ಕೆಳಗಿನ ಕೋನಕ್ಕೆ ಹಿಡಿದರು.

"ಹೆಣ್ಣೇ," ಎಂದರು. "ಈ ಕೆಂಪು ಸಹಿ ಯಾರದು?"

ಪ್ರಿನ್ಸಿಪಾಲ ಭೀಮಗೊಂಡ ಪಾಟೀಲರು ಖಾಲಿ ಕಪಾಟನ್ನೇ ನೋಡುತ್ತಿದ್ದರು. ಇಪ್ಪತ್ತೆರಡು ವರ್ಷ ಪಾಠ ಮಾಡಿದ ಮನುಷ್ಯ. ಸುಳ್ಳು ಹೇಳಬಹುದಿತ್ತು, ಶಾಯಿ ಮಾಸಿತ್ತು. "ನನ್ನದು," ಎಂದರು. "ನಾನೂ ಚೀಟೀನ ಓದಿದ್ದೆ."

"ಕಂಡುಹಿಡಿದ ಹೆಣ್ಣುಮಗಳು ಏನು ಓದಿದ್ದಾರೆ?" ಹಿರಿಯರು ಹಾಲಸಿದ್ದನನ್ನು ಕೇಳಿದರು.

"ಏನೂ ಇಲ್ರಿ. ಕುರೀವು ಲೆಕ್ಕಿಲ್ಲದಷ್ಟು ಈಯಿಸ್ಯಾಳ. ಮನಶಾರದು ನೂರರ ಮ್ಯಾಲ."

"ಅಗೆದು ತರಿಸಿ ನೋಡಬಹುದಲ್ಲ?" ಎಂದರು ಸಮಿತಿಯ ಇನ್ನೊಬ್ಬರು.

"ಉಡಿ ತುಂಬ್ಯಾರ್ರಿ," ಎಂದ ಹಾಲಸಿದ್ದ. ಅವರಿಗೂ ಮನೆಯಲ್ಲಿ ಹೆಣ್ಣುಮಕ್ಕಳಿದ್ದಿರಬೇಕು. ಮತ್ತೆ ಆ ಮಾತೆತ್ತಲಿಲ್ಲ.

ಮನ್ನಣೆ ಸಿಕ್ಕಿತು. ರಜಿಸ್ಟರಿನ ಆ ಸಾಲನ್ನು ಪಾಟೀಲರು ತಮ್ಮ ಕೈಯಾರೆ ಕೆಂಪು ಶಾಯಿಯಿಂದ ಹೊಡೆದು, "ತಪ್ಪು ನಮೂದು" ಎಂದು ಬರೆದು ಸಹಿ ಹಾಕಿದರು. ಜೂನ್‌ನಲ್ಲಿ ಹಾಲಸಿದ್ದನ ಹುಕುಂ ಬಂತು. ಹನ್ನೆರಡು ತಿಂಗಳಿನದು, ಕಾಯಂ. ಅವನು ಅದನ್ನು ಮೂರು ಸಲ ಓದಿಸಿ ಕೇಳಿದ. ಚೀಟಿಯ ಮೇಲಿನ ನಂಬಿಕೆ ಅಷ್ಟು ಹೋಗಿತ್ತು.

ಹೊಸ ಕೋಣೆಯಲ್ಲಿ ವಿದ್ಯಾರ್ಥಿಗಳ ಮೊದಲ ಸಂಶೋಧನೆ ಕುರಿಯ ಎಲುಬುಗಳ ಮೇಲೆ ನಡೆಯಿತು: ಸಂತೆಯಲ್ಲಿ ಸಿಕ್ಕ ಟೊಂಕದ ಎಲುಬು ನೋಡಿ ಗಂಡು ಯಾವುದು, ಹೆಣ್ಣು ಯಾವುದು ಎಂದು ಅಳೆದು ಗೊತ್ತು ಮಾಡುವುದು. ಕಲಿಸಲು ಮಲಕವ್ವನನ್ನು ಕರೆಸಿದರು. ಅದೇ ವಾರ ಅಂಬಾಲಾದಿಂದ ಮರದ ಪೆಟ್ಟಿಗೆಯೊಂದು ಬಂದಿತ್ತು. ಹಾಲಸಿದ್ದ ಅದರೊಳಗಿನದನ್ನು ಎತ್ತಿ ಕಪಾಟಿನಲ್ಲಿ ನಿಲ್ಲಿಸಿದ. ಮಲಕವ್ವ ಹತ್ತಿರ ಹೋಗಿ ಬೆರಳಿನಿಂದ ತಟ್ಟಿದಳು. ಟೊಳ್ಳು ಸದ್ದು.

"ಪ್ಲಾಸ್ಟರ್," ಎಂದಳು ಗಂಡನ ಕಡೆ ತಿರುಗಿ. "ಹದಿಮೂರ ವರ್ಷದ ಮ್ಯಾಲ ನಿಮ್ಮ ಮಾತ ಖರೆ ಆತ ನೋಡ್ರಿ."

ಅದರ ಜೊತೆ ಹಾಲಸಿದ್ದ ಯಾವತ್ತೂ ಮಾತಾಡಲಿಲ್ಲ. ಒರೆಸುತ್ತಿದ್ದ, ಅಷ್ಟೇ. ಸಂಜೆ ಬಸ್ಸಿಳಿದು ಬರುವಾಗ ಮಾತ್ರ ಹೊಲದ ಮೂಲೆಯ ಬೇವಿನ ಕೆಳಗೆ ಒಂದು ಗಳಿಗೆ ನಿಲ್ಲುವುದು ರೂಢಿಯಾಯಿತು. ಒಂದು ದಿನ ಮಲಕವ್ವ ಹಿಂದಿನಿಂದ ಬಂದಳು.

"ಏನ ಹೇಳಾಕತ್ತಿದ್ರಿ ಆಕಿಗೆ?"

"ಏನಿಲ್ಲ. ಸುಮ್ನ ನಿಂತಿದ್ದೆ."

"ತಾಟ ಎತ್ತಿ ಒಳಗ ಒಯ್ದದ್ದ ಹೇಳಿದ್ರಿ. ಉಪ್ಪ ಹಾಕಿ ತಿರುಗಿ ತಂದದ್ದ ಯಾಕ ಹೇಳಲಿಲ್ಲ?"

ಹಾಲಸಿದ್ದ ಗಕ್ಕನೆ ತಿರುಗಿದ. ಆ ಮಾತು ಹೇಳಿದ್ದು ಕಪಾಟಿನ ಮುಂದೆ, ಯಾರೂ ಇಲ್ಲದ ಹೊತ್ತಿನಲ್ಲಿ, ಎಷ್ಟೋ ವರ್ಷಗಳ ಹಿಂದೆ. "ನಿನಗ... ನಿನಗ ಯಾರ ಹೇಳಿದ್ರು?"

ಮಲಕವ್ವ ಕಲ್ಲಿನ ಮೇಲಿನ ಒಣ ಎಲೆ ತೆಗೆದು ಆಚೆ ಹಾಕಿದಳು. "ಅಟ್ಟದ ಮ್ಯಾಲ ನಾವಿಬ್ರೂ ಭಾಳ ಹೊತ್ತ ಕುಂತಿದ್ವಿ," ಎಂದವಳೇ, ಗಂಡನನ್ನು ಅಲ್ಲೇ ಬಿಟ್ಟು ಮನೆಯ ಕಡೆ ನಡೆದಳು.